ಪದಕದ ಅಂಚಿನ ಮೂರಕ್ಷರ

ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ, ಜೊತೆಗೆ ಮನೆಯಲ್ಲಿ ಹಳೇ ಟ್ರಂಕು ಇಟ್ಟುಕೊಂಡಿರುವ ಜಿಲ್ಲೆಯ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಮೇಜಿಗೆ ಬರುವ ಕಾಗದಗಳ ಎರಡನೇ ಪುಟದವರೆಗೆ ಹೋಗುವಷ್ಟು ಪುರಸೊತ್ತು ಯಾರಿಗಿರುತ್ತದೆ? ನಮ್ಮ ಊರಿಗೆ ಒಂದು ಕೋಣೆ ಬೇಕು. ಹತ್ತಡಿಗೆ ಹದಿನೈದಡಿ ಇದ್ದರೂ ನಡೆಯುತ್ತದೆ, ಮಳೆಗಾಲದಲ್ಲಿ ಸೋರದಿದ್ದರೆ ಸರಿ. ಬಳ್ಳಾರಿ ಸೀಮೆಯಿಂದ ಸೈನ್ಯಕ್ಕೆ ಹೋದವರ ಪದಕ, ಡಿಸ್ಚಾರ್ಜ್ ಪುಸ್ತಕ, ಫೋಟೊ, ಮನೆಗೆ ಬರೆದ ಕಾಗದ ಇವೆಲ್ಲ ಅಲ್ಲಿರಬೇಕು. ಅದಕ್ಕಿಂತ ಮುಖ್ಯ, ಅವನ್ನು ಓದಲು ಬರುವ ಒಬ್ಬ ಮನುಷ್ಯ ವಾರಕ್ಕೆರಡು ದಿನವಾದರೂ ಅಲ್ಲಿ ಕೂತಿರಬೇಕು. ಓದಲು ಬರುವವರು ಎಂದು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂಬುದು ನಮ್ಮ ತಾತನ ಪದಕದ ಕತೆ ಕೇಳಿದರೆ ಗೊತ್ತಾಗುತ್ತದೆ.

ನಾನು ಕೌಲ್ ಬಜಾರಿನಲ್ಲಿ ಟೈಲರ್. ಈಗ ಎಲ್ಲರ ಹಾಗೆ ಜೀನ್ಸ್ ಹೊಲಿಯುತ್ತೇನೆ. ನಮ್ಮ ಅಪ್ಪನ ಅಪ್ಪ ಖಾಕಿ ಹೊಲಿದವರು, ಅಮ್ಮನ ಅಪ್ಪ ಖಾಕಿ ತೊಟ್ಟವರು. ಕಂಟೋನ್ಮೆಂಟಿನ ಸೋಲ್ಜರುಗಳಿಗೆ ಬಟ್ಟೆ ಹೊಲಿದುಕೊಂಡೇ ನಮ್ಮ ಓಣಿ ಬೆಳೆಯಿತು, ದಪ್ಪ ಬಟ್ಟೆಗೆ ಒಗ್ಗಿದ ಆ ಕೈಯೇ ಮುಂದೆ ಜೀನ್ಸಿಗೂ ಒಗ್ಗಿತು ಎನ್ನುತ್ತಾರೆ ಓಣಿಯ ಹಿರಿಯರು. ಬಳ್ಳಾರಿ ಜೀನ್ಸ್ ಅಂದರೆ ದೇಶಕ್ಕೆಲ್ಲ ಗೊತ್ತು. ಅದರ ಮೊದಲ ಹೊಲಿಗೆ ಯಾರ ಮೈಮೇಲೆ ಬಿತ್ತು ಅಂತ ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರನ್ನು ಕೇಳಿದರೆ ನನ್ನ ಮುಖ ನೋಡುತ್ತಾರೆ. ಇರಲಿ. ಈ ಪತ್ರ ಅಮ್ಮನ ಅಪ್ಪನ ಬಗ್ಗೆ.

ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಯುದ್ಧದ ಬಗ್ಗೆ ಅವರು ಬಾಯಿಬಿಟ್ಟದ್ದು ಕಡಿಮೆ, ನನಗೆ ನೆನಪಿರುವುದು ಎರಡೇ ಮಾತು. ಒಂದು, "ಮೊದ್ಲು ಖಾಕಿ ಕೊಟ್ರು, ಆಮ್ಯಾಲೆ ಅದನ್ನ ಬಿಚ್ಚಿಸಿ ಹಸಿರು ಕೊಟ್ರು." ಇನ್ನೊಂದು, "ಆರು ಜನ ಎತ್ತಬೇಕು. ಐದಾದ್ರೆ ಬೀಳ್ತೈತೆ, ಏಳಾದ್ರೆ ಕಾಲಿಗೆ ಕಾಲು ಸಿಗ್ತೈತೆ." ಏನನ್ನು ಎತ್ತಬೇಕು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಾಯಾಳುಗಳನ್ನು ಇರಬೇಕು ಅಂತ ನಾವೇ ಅಂದುಕೊಂಡೆವು. ಅವರ ಬಲಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟಿತ್ತು, ಮಕ್ಕಳಾದ ನಾವು ಅದನ್ನು ಒತ್ತಿ ಒತ್ತಿ ನೋಡುತ್ತಿದ್ದೆವು.

ಅವರು ತಂದದ್ದರಲ್ಲಿ ಉಳಿದದ್ದು ಒಂದು ಬೆಲ್ಟಿನ ಬಕಲು ಮತ್ತು ಎರಡು ಪದಕ. ಒಂದು ಆರು ಮೂಲೆಯ ನಕ್ಷತ್ರ, ಹಿತ್ತಾಳೆ ಬಣ್ಣದ್ದು. ಇನ್ನೊಂದು ದುಂಡಗೆ, ಬಿಳಿ ಲೋಹದ್ದು. ಒಂದು ಬದಿಗೆ ಕಿರೀಟ ತೊಟ್ಟ ರಾಜನ ತಲೆ, ಇನ್ನೊಂದು ಬದಿಗೆ ಎರಡು ತಲೆಯ ಯಾವುದೋ ಪ್ರಾಣಿಯನ್ನು ಮೆಟ್ಟಿ ನಿಂತ ಸಿಂಹ, ಜೊತೆಗೆ 1939, 1945 ಎಂಬ ಇಸವಿಗಳು. ಸಿಂಹ ಅಂದ ಮೇಲೆ ನಮ್ಮಜ್ಜಿಗೆ ಅದು ನರಸಿಂಹಸ್ವಾಮಿಯೇ. ದೇವರ ಗೂಡಿನಲ್ಲಿಟ್ಟು ದಿನಾ ಕುಂಕುಮ ಹಚ್ಚಿದರು. ನಲವತ್ತು ವರ್ಷದ ಕುಂಕುಮ ಅದರ ಅಂಚಿನೊಳಗೆ ಕೂತು ಗಟ್ಟಿಯಾಗಿತ್ತು.

ಅಂಚಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಕೊರೆದಿದೆ ಅಂತ ಮೊದಲು ಕಂಡದ್ದು ನಮ್ಮ ಸೋದರಮಾವನಿಗೆ. ಅಜ್ಜಿ ತೀರಿಕೊಂಡ ವರ್ಷ ಗೂಡು ತೊಳೆಯುವಾಗ. ಒಂದು ನಂಬರು, ಆಮೇಲೆ ಎಸ್, ಪಿ, ಆರ್ ಎಂಬ ಮೂರಕ್ಷರ, ಆಮೇಲೆ ತಾತನ ಹೆಸರು, ಕೊನೆಗೆ ಐ, ಇ. ಹೆಸರು ತಾತನದೇ. ಆದರೆ ಬಳ್ಳಾರಿ ಸೀಮೆಯಲ್ಲಿ ಆ ಹೆಸರಿನವರು ಓಣಿಗೆ ಇಬ್ಬರಿರುತ್ತಾರೆ, ಮತ್ತು ನಮ್ಮ ತಾತನ ಇನಿಷಿಯಲ್ ಎಸ್.ಪಿ.ಆರ್. ಆಗಿರಲಿಲ್ಲ. ಮಾವ ಲೆಕ್ಕ ಹಾಕಿದ್ದು ಸರಳವಾಗಿತ್ತು: ಇದು ಬೇರೆ ಯಾರದೋ ಪದಕ, ಪಟಾಲಮ್ಮಿನಲ್ಲಿ ಅದಲುಬದಲಾಗಿದೆ. "ಯಾರ್ದೋ ಸತ್ತೋನ ಸಾಮಾನು ದೇವ್ರ ಮನ್ಯಾಗ ಯಾಕಬೇ?" ಅಂದ ಅಮ್ಮನಿಗೆ. ನಕ್ಷತ್ರವನ್ನೂ ತಾತನ ಬೆಲ್ಟಿನ ಬಕಲನ್ನೂ ಗುಜರಿಯವನಿಗೆ ತೂಕಕ್ಕೆ ಹಾಕಿದ, ಹಿತ್ತಾಳೆ ರೇಟಿಗೆ. ಬಿಳಿಯದಕ್ಕೆ ಗುಜರಿಯವನೇ ಬೆಲೆ ಕಟ್ಟಲಿಲ್ಲ, ಹಾಗಾಗಿ ಉಳಿಯಿತು. ಅಮ್ಮ ಅದನ್ನು ಎತ್ತಿ ನನ್ನ ಗುಂಡಿ ಡಬ್ಬಿಯಲ್ಲಿ ಹಾಕಿದಳು. ಮಾವ ಈಗಿಲ್ಲ, ಅವನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಓದುತ್ತಿದ್ದೆ.

ಹೋದ ವರ್ಷ ಒಂದು ಆರ್ಡರಿನ ಬಾಕಿ ವಸೂಲಿಗೆ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿದ್ದೆ. ದುಡ್ಡು ಕೊಡಬೇಕಾದವರು ನಾಳೆ ಬನ್ನಿ ಅಂದರು. ಒಂದಿಡೀ ದಿನ ಕೈಯಲ್ಲಿ ಉಳಿಯಿತು. ನಮ್ಮ ಹಳೇ ಗಿರಾಕಿಯೊಬ್ಬರು ಸೈನ್ಯದಿಂದ ನಿವೃತ್ತರಾಗಿ ಅಲ್ಲೇ ನೆಲೆಸಿದ್ದಾರೆ. ಅವರಿಗೆ ಈ ಪದಕದ ವಿಷಯ ಮೊದಲೇ ಫೋನಿನಲ್ಲಿ ಹೇಳಿದ್ದೆ. ಬರುವಾಗ ತನ್ನಿ ಅಂದಿದ್ದರು, ಅಲಸೂರು ಕೆರೆ ಹತ್ತಿರದ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ಪಡೆ) ಮ್ಯೂಸಿಯಮ್ಮಿಗೆ ಅನುಮತಿ ಕೇಳಿಟ್ಟಿದ್ದರು. ಅದು ಸೇನೆಯ ಆವರಣದೊಳಗಿದೆ, ಲಾಲ್‌ಬಾಗಿಗೆ ಹೋದ ಹಾಗೆ ಹೋಗಲಾಗದು. ಗೇಟಿನಲ್ಲಿ ಆಧಾರ್ ತೋರಿಸಿ, ಫೋನು ಒಪ್ಪಿಸಿ, ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಹೋದೆವು. ಸಹಿ ಹಾಕುವಾಗ ನೋಡಿದೆ, ನಮಗಿಂತ ಮುಂಚಿನ ಸಹಿ ನಾಲ್ಕು ದಿನ ಹಿಂದಿನದು.

ನಾನು ಮೊದಲು ನೋಡಿದ್ದು ಬಟ್ಟೆಗಳನ್ನು. ಕಸುಬಿನವನ ಕಣ್ಣು ಎಲ್ಲಿಗೆ ಹೋದರೂ ಅಲ್ಲಿಗೇ ಹೋಗುತ್ತದೆ. ಗೊಂಬೆಗಳಿಗೆ ತೊಡಿಸಿದ ಸಮವಸ್ತ್ರ, ಎತ್ತರದ ಟೊಪ್ಪಿಗೆ, ಸಾಲು ಗುಂಡಿ. ಒಂದು ಹಳೇ ಕೋಟಿನ ಮೊಣಕೈ ಹತ್ತಿರ ರಫು ಮಾಡಿದ್ದರು. ಎಳೆ ಎಳೆ ಲೆಕ್ಕ ಹಿಡಿದು, ನೇಯ್ಗೆಯ ಜೊತೆಗೇ ಓಡಿಸಿದ ರಫು. ಬೆಳಕಿಗೆ ವಾರೆ ಹಿಡಿದರೆ ಮಾತ್ರ ಕಾಣುವಂಥದ್ದು. ಅದರ ಮೂರನೇ ಕಾಜಾ ಮಾತ್ರ ಬೇರೆ ಕೈಯದು, ಅವಸರದ ಕೆಲಸ, ದಾರವೂ ಬೇರೆ. ಕೋಟು ಯಾವ ಅಧಿಕಾರಿಯದು ಅಂತ ಚೀಟಿ ಇತ್ತು. ರಫು ಯಾರದು ಅಂತ ಇರಲಿಲ್ಲ. ಅದನ್ನು ದೂರಾಗಿ ಹೇಳುತ್ತಿಲ್ಲ, ರಫುಗಾರರ ಹೆಸರು ಜಗತ್ತಿನಲ್ಲಿ ಯಾರೂ ಬರೆದಿಟ್ಟಿಲ್ಲ. ಆದರೂ ಗಾಜಿನ ಮುಂದೆ ನಾನು ನಿಂತದ್ದು ಅದಕ್ಕಾಗಿ.

ಜೊತೆಗೆ ಬಂದ ಹವಾಲ್ದಾರರು ಕನ್ನಡ ಬಲ್ಲವರು. ಮದ್ರಾಸ್ ಸ್ಯಾಪರ್ಸ್ ಸೈನಿಕರನ್ನು ಸೈನ್ಯದಲ್ಲಿ ಎಲ್ಲರೂ ತಂಬಿಗಳು ಅಂತಲೇ ಕರೆಯುವುದಂತೆ. ನನಗಿಂತ ಹತ್ತು ವರ್ಷ ಚಿಕ್ಕವರಾದ ಅವರು ನನ್ನನ್ನು ಅಣ್ಣ ಎಂದರು. ನಾನು ಜೇಬಿನಿಂದ ಪದಕ ತೆಗೆದು ಕೊಟ್ಟೆ. ಅವರು ಸಿಂಹ ನೋಡಲಿಲ್ಲ, ರಾಜನನ್ನೂ ನೋಡಲಿಲ್ಲ. ಸೀದಾ ಹೆಬ್ಬೆರಳಿನಲ್ಲಿ ಅಂಚು ತಿರುಗಿಸಿದರು, ಉಗುರಿನಲ್ಲಿ ಕುಂಕುಮ ಕೆರೆದರು.

"ಎಸ್‌ಪಿಆರ್ ಅಂದ್ರೆ ಸ್ಯಾಪರ್ ಅಣ್ಣ. ಬೇರೆ ಕಡೆ ಸಿಪಾಯಿ ಅಂತಾರಲ್ಲ, ನಮ್ಮಲ್ಲಿ ಸ್ಯಾಪರ್. ಐಇ ಅಂದ್ರೆ ಇಂಡಿಯನ್ ಎಂಜಿನಿಯರ್ಸ್. ಇದು ನಿಮ್ಮ ತಾತಂದೇ."

ಅರ್ಧ ನಿಮಿಷ ಹಿಡಿದಿರಬಹುದು. ನಲವತ್ತು ವರ್ಷ ಪೂಜೆ ಮಾಡಿ, ಆಮೇಲೆ ಯಾರದೋ ಸಾಮಾನು ಅಂತ ಡಬ್ಬಿಗೆ ಹಾಕಿ, ಒಂದು ನಕ್ಷತ್ರವನ್ನು ಗುಜರಿಗೆ ಕೊಟ್ಟ ನಮ್ಮ ಮನೆಯ ಗೊಂದಲಕ್ಕೆ ಬೇಕಿದ್ದದ್ದು ಅಷ್ಟೇ ಹೊತ್ತು. ಗುಜರಿಗೆ ಹೋದ ನಕ್ಷತ್ರ ಬರ್ಮಾ ಸ್ಟಾರ್ ಇದ್ದಿರಬೇಕು ಅಂತ ಅವರೇ ಅಂದರು, ಆಕಾರ ಮತ್ತು ಬಣ್ಣ ಕೇಳಿ. ನನ್ನ ಮುಖ ಕಂಡು ಚಹಾ ತರಿಸಿದರು.

ಆರು ಜನರ ಮಾತೂ ಅಲ್ಲೇ ಬಿಡಿಸಿಕೊಂಡಿತು. ಬೈಲಿ ಸೇತುವೆ ಅಂತ ಒಂದಿದೆ, ಇವತ್ತಿಗೂ ಪ್ರವಾಹದಲ್ಲಿ ರಸ್ತೆ ಕೊಚ್ಚಿಹೋದಾಗ ಸೈನ್ಯ ಬಂದು ಕಟ್ಟುವುದು ಅದನ್ನೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ಯೋಚಿಸಿ ಮಾಡಿದ್ದು. ಹತ್ತಡಿ ಉದ್ದ, ಐದಡಿ ಎತ್ತರದ ಉಕ್ಕಿನ ಚೌಕಟ್ಟು, ಒಂದಕ್ಕೊಂದು ಪಿನ್ನು ಹಾಕಿ ಜೋಡಿಸುತ್ತಾ ಹೋಗುವುದು. ಕ್ರೇನು ಬೇಡ. ಒಂದು ಚೌಕಟ್ಟಿನ ತೂಕ ಸುಮಾರು 260 ಕಿಲೊ. ಅದನ್ನು ಹೊರಲು ಆರು ಜನ ಅಂತಲೇ ಲೆಕ್ಕ ಹಾಕಿ ಅಷ್ಟು ತೂಕಕ್ಕೆ ಮಾಡಿದ್ದು. ಹವಾಲ್ದಾರರು ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ತೋರಿಸುತ್ತಿದ್ದಾಗ ನನಗೆ ತಾತನ ಭುಜದ ಗಂಟು ಬೆರಳಿಗೆ ಸಿಕ್ಕ ಹಾಗಾಯಿತು. ಹಸಿರು ಬಟ್ಟೆಯ ಮಾತೂ ಸುಳ್ಳಲ್ಲ. ಬರ್ಮಾದ ಕಾಡಿನಲ್ಲಿ ಖಾಕಿ ಎದ್ದು ಕಾಣುತ್ತದೆ ಅಂತ ಯುದ್ಧದ ನಡುವೆಯೇ ಸಮವಸ್ತ್ರದ ಬಣ್ಣ ಬದಲಿಸಿದರು.

ಮ್ಯೂಸಿಯಮ್ಮಿನಲ್ಲಿ ಇನ್ನೂ ಏನೇನೋ ಇದೆ, ಎಲ್ಲ ಹೇಳುತ್ತಾ ಹೋಗುವುದಿಲ್ಲ. ಒಂದೆರಡು ಮಾತ್ರ. ಬೆಂಗಳೂರು ಟಾರ್ಪೆಡೊ ಅಂತ ಒಂದು ಉದ್ದನೆಯ ಕೊಳವೆ: ಸಿಡಿಮದ್ದು ತುಂಬಿದ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಮುಳ್ಳುತಂತಿಯ ಕೆಳಗೆ ತಳ್ಳಿ, ದೂರದಲ್ಲೇ ಮಲಗಿ ಸಿಡಿಸಿ ದಾರಿ ಮಾಡುವುದು. 1912ರಲ್ಲಿ ಮೆಕ್ಲಿಂಟಾಕ್ ಎಂಬ ಕ್ಯಾಪ್ಟನ್ ಬೆಂಗಳೂರಿನಲ್ಲಿ ಇದೇ ಸ್ಯಾಪರ್ಸ್ ಜೊತೆಗಿದ್ದಾಗ ಮಾಡಿದ್ದು; 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲೂ ತಂತಿ ಹಾರಿಸಲು ಅದನ್ನೇ ಬಳಸಿದರು. ಇನ್ನೊಂದು, ಸುಬೇದಾರ್ ಸುಬ್ರಮಣಿಯನ್ ಅವರ ಸಂಗತಿ. 1944ರ ಫೆಬ್ರವರಿ 24, ಇಟಲಿಯ ಮಿಗ್ನಾನೊ ಹತ್ತಿರ ನೆಲಬಾಂಬು ತೆಗೆಯುವ ಕೆಲಸ. ಒಂದು ಬಾಂಬು ಇನ್ನೇನು ಸಿಡಿಯುತ್ತದೆ ಎಂಬಾಗ ಅದರ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು. ಹವಾಲ್ದಾರರು ಇದನ್ನು ಹೇಳುವಾಗ ದನಿ ಏರಿಸಲಿಲ್ಲ. ತಮ್ಮ ಮನೆಯ ಹಿರಿಯರೊಬ್ಬರ ವಿಷಯ ಹೇಳುವ ಹಾಗೆ ಹೇಳಿದರು. ನನಗೆ ಅದೇ ಹಿಡಿಸಿತು.

ಈಗ ನಮ್ಮ ಊರಿಗೆ ಬರುತ್ತೇನೆ.

ಮದ್ರಾಸ್ ಸ್ಯಾಪರ್ಸ್ ಪಡೆ ಶುರುವಾದದ್ದು 1780ರಲ್ಲಿ, ಪಯೋನಿಯರ್ಸ್ ಎಂಬ ಎರಡು ಕಂಪನಿಗಳಾಗಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಅವರೂ ಇದ್ದರು. ಟಿಪ್ಪುವಿನಿಂದ ನಿಜಾಮನ ಪಾಲಿಗೆ ಬಂದ ನಮ್ಮ ಸೀಮೆಯನ್ನು ಮರುವರ್ಷ, 1800ರಲ್ಲಿ, ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾಯಿತು, ಥಾಮಸ್ ಮನ್ರೊ ಕಲೆಕ್ಟರಾಗಿ ಬಂದ, ಬಳ್ಳಾರಿ ದಂಡಿನ ಊರಾಯಿತು. ನಮ್ಮ ರಸ್ತೆಗೆ ಇನ್‌ಫೆಂಟ್ರಿ ರೋಡ್ ಎಂದು ಯಾಕೆ ಹೆಸರು, ರೈಲಿಗೆ ಕಂಟೋನ್ಮೆಂಟ್ ಅಂತ ಒಂದು ಸ್ಟೇಷನ್ ಯಾಕೆ ಎಂದು ಆಟೊದವರನ್ನು ಕೇಳಿ ನೋಡಿ. ಹೆಸರು ಉಳಿದಿದೆ, ಅದರ ಹಿಂದಿನ ಮನುಷ್ಯರು ಉಳಿದಿಲ್ಲ.

ಕೋಟೆಯ ಕತೆ ಮಾತ್ರ ಎಲ್ಲರಿಗೂ ಬಾಯಿಪಾಠ. ಹೈದರಾಲಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನನ್ನು, ಎದುರಿಗಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ ಎಂದು ಗೊತ್ತಾದ ಮೇಲೆ, ಬಾಗಿಲಲ್ಲೇ ನೇಣು ಹಾಕಿದರಂತೆ. ಮಕ್ಕಳಿಗೂ ಈ ಕತೆ ಬೇಕು, ನನಗೂ ಇಷ್ಟವೇ. ಆದರೆ ಊರಿನ ಸೈನಿಕ ಚರಿತ್ರೆ ಅಂದರೆ ಆ ನೇಣು ಒಂದೇ ಅಲ್ಲವಲ್ಲ. ಮೊದಲನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ತಂದು ಇಟ್ಟ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. ಎಲ್ಲಿಯ ಇಸ್ತಾಂಬುಲ್, ಎಲ್ಲಿಯ ನಮ್ಮ ಬಿಸಿಲು! ಅವರಿಗೆ ಬಟ್ಟೆ ಹೊಲಿದುಕೊಟ್ಟವರು ಯಾರು, ಅಕ್ಕಿ ಕೊಟ್ಟವರು ಯಾರು, ನೀರು ಹೊತ್ತವರು ಯಾರು? ನಮ್ಮ ಓಣಿಯವರೇ ಇರಬೇಕಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಹೈದರಾಬಾದಿನ ಮೇಲೆ ಭಾರತ ಸೈನ್ಯದ ಕಾರ್ಯಾಚರಣೆ ನಡೆದಾಗ, ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹೊಸಪೇಟೆ ಕಡೆಯಿಂದಲೂ ಪಡೆಗಳು ನುಗ್ಗಿದವು, ತುಂಗಭದ್ರೆಯ ಸೇತುವೆಯನ್ನು ವಶಪಡಿಸಿಕೊಂಡವು. ಹೊಳೆಯ ಆಚೆ ಕೊಪ್ಪಳ, ರಾಯಚೂರು ನಿಜಾಮನ ಸೀಮೆ, ಈಚೆ ನಾವು. ಅದನ್ನು ಕಣ್ಣಾರೆ ಕಂಡವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ.

ಒಳ್ಳೆಯದನ್ನಷ್ಟೇ ಹೇಳುವ ಕೋಣೆ ನನಗೆ ಬೇಡ. 1858ರಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ನಿಂತು ಬ್ರಿಟಿಷರ ವಿರುದ್ಧ ಕಾದಾಗ, ಅವನನ್ನು ಮುಗಿಸಲು ಹೋದ ಪಡೆ ನಮ್ಮ ಬಳ್ಳಾರಿಯ ದಂಡಿನಿಂದಲೇ ಹೋದದ್ದು. ಕೊಪ್ಪಳದವರು ಭೀಮರಾಯನನ್ನು ನೆನೆಯುತ್ತಾರೆ, ನೆನೆಯಲೇಬೇಕು. ಅವನ ಮೇಲೆ ಬಂದೂಕು ಹಿಡಿದು ಹೋದವರಲ್ಲೂ ನಮ್ಮ ಕಡೆಯ ಬಡ ಹುಡುಗರಿದ್ದಿರಬಹುದು, ತಿಂಗಳ ಸಂಬಳಕ್ಕೆ ಸೇರಿದವರು. ನಮ್ಮ ತಾತ ಸೇರಿದ್ದೂ ಸಂಬಳಕ್ಕೇ, ರಾಜನ ಮೇಲಿನ ಪ್ರೀತಿಗಲ್ಲ. ಇದನ್ನೂ ಬರೆದು ಗೋಡೆಗೆ ಹಾಕಬೇಕು. ಮುಚ್ಚಿಟ್ಟರೆ ಕೋಣೆ ತೆರೆದು ಪ್ರಯೋಜನವಿಲ್ಲ.

ಬೆಂಗಳೂರಿನಿಂದ ವಾಪಸ್ ಬಂದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಒಂದು ಕಚೇರಿಗೆ ಹೋದೆ. ಯಾವುದು ಅಂತ ಬೇಡ, ಅಲ್ಲಿದ್ದವರು ಕೆಟ್ಟವರಲ್ಲ. "ಕೊಟ್ಟೋಗ್ರಿ, ಬೀರೂನಾಗೆ ಇಡ್ತೀವಿ" ಅಂದರು. ರಸೀದಿ ಕೊಡ್ತೀರೇನ್ರಿ ಅಂದೆ. ಪದಕಕ್ಕೆ ರಸೀದಿ ಕೊಡುವ ಫಾರಂ ಇಲ್ಲ ಅಂದರು. ಇನ್ನೊಂದು ಕಡೆ, ಇದು ನಿಮ್ಮ ತಾತನದೇ ಅಂತ ಸರ್ಟಿಫಿಕೇಟ್ ತನ್ನಿ ಅಂದರು. ಸರ್ಟಿಫಿಕೇಟ್ ಪದಕದ ಅಂಚಿನ ಮೇಲೇ ಇದೆ ಸ್ವಾಮಿ ಅಂದರೆ ನಕ್ಕರು. ಮೂರನೇ ಕಡೆ ಅರ್ಜಿ ತೆಗೆದುಕೊಂಡರು. ಮೂರು ತಿಂಗಳಾದ ಮೇಲೆ ಕೇಳಿದರೆ ಅರ್ಜಿಯೇ ಇಲ್ಲ, ಇನ್ನೊಂದು ಬರೆದುಕೊಡಿ ಅಂದರು. ಈ ಪತ್ರವೇ ಆ ಇನ್ನೊಂದು ಅರ್ಜಿ ಅಂತ ತಿಳಿದುಕೊಳ್ಳಿ.

ಅಲ್ಲೇ ಬೆಂಚಿನ ಮೇಲೆ ಕೂತಿದ್ದವರೊಬ್ಬರು, "ಯಾರು ಬರ್ತಾರ್ರೀ ಇಂಥಾದ್ದು ನೋಡಾಕೆ?" ಅಂದರು. ಸರಿಯಾದ ಪ್ರಶ್ನೆ. ಹಂಪಿಗೆ ಹೋಗುವವರು ಹೊಸಪೇಟೆಯಲ್ಲಿ ಇಳಿಯುತ್ತಾರೆ, ಬಳ್ಳಾರಿಯಲ್ಲಿ ಅವರಿಗೆ ಕೆಲಸವಿಲ್ಲ. ಟಿಕೆಟ್ ದುಡ್ಡಿನಲ್ಲಿ ಈ ಕೋಣೆಯ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಆದರೆ ಅಲಸೂರಿನ ಪುಸ್ತಕದಲ್ಲಿ ನಾಲ್ಕು ದಿನಕ್ಕೊಂದು ಸಹಿ ಇದ್ದರೂ, ಐದನೇ ದಿನ ಹೋದವನಿಗೆ ಅವನ ತಾತ ಸಿಕ್ಕರಲ್ಲ. ನನಗೆ ಬೇಕಾಗಿರುವುದು ನೋಡುವ ಜಾಗಕ್ಕಿಂತ ಕೇಳುವ ಜಾಗ. ಟ್ರಂಕಿನಿಂದ ಒಂದು ತಗಡು, ಒಂದು ಹಾಳೆ ತಂದು, ಇದೇನು ಅಂತ ಕೇಳಿದರೆ ಹೇಳುವವರು ಬೇಕು. ಅಷ್ಟಕ್ಕೆ ಬೆಂಗಳೂರಿಗೆ ರಾತ್ರಿ ರೈಲು ಹತ್ತಿ, ಅನುಮತಿ ಹಿಡಿದು, ಪರಿಚಯದವರನ್ನು ಹುಡುಕಿ ಹೋಗುವುದು ಎಷ್ಟು ಜನರಿಂದ ಆದೀತು? ಸಿರುಗುಪ್ಪದ ಗದ್ದೆಯಲ್ಲಿರುವವರಿಂದ, ಸಂಡೂರಿನ ಗಣಿ ಲಾರಿ ಓಡಿಸುವವರಿಂದ?

ನಮ್ಮೂರಿಗೆ ಮ್ಯೂಸಿಯಂ ನಡೆಸಲು ಬರುವುದಿಲ್ಲ ಅಂತ ಯಾರೂ ಹೇಳಬೇಡಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ ಸಂಗನಕಲ್ಲಿನ ಶಿಲಾಯುಗದ ಸಾಮಾನುಗಳಿಗೆ ಎಷ್ಟು ಚೆಂದದ ಮ್ಯೂಸಿಯಂ ಮಾಡಿದ್ದೀರಿ! ಮಗನನ್ನು ಕರೆದುಕೊಂಡು ಹೋಗಿ ನೋಡಿ ಬಂದಿದ್ದೇನೆ. ಸಾವಿರಾರು ವರ್ಷದ ಹಿಂದೆ ಗುಡ್ಡದ ಮೇಲೆ ಕೂತು ಕಲ್ಲುಕೊಡಲಿ ಮಸೆದವರಿಗೆ ನಮ್ಮೂರಲ್ಲಿ ಗೂಡು ಇದೆ, ದೀಪ ಇದೆ, ವಿವರ ಬರೆದ ಫಲಕ ಇದೆ. ಎಂಬತ್ತು ವರ್ಷದ ಹಿಂದೆ ಬರ್ಮಾದಲ್ಲಿ ಸೇತುವೆ ಹೊತ್ತವರಿಗೆ ನನ್ನ ಗುಂಡಿ ಡಬ್ಬಿ. ಅಲ್ಲೇ ಒಂದು ಮೂಲೆ ಬಿಟ್ಟುಕೊಟ್ಟರೂ ನನ್ನ ತಕರಾರಿಲ್ಲ.

ಹಾಗೆಂದು ಮೊದಲು ಕಟ್ಟಡ, ಆಮೇಲೆ ಸಾಮಾನು ಅಂತ ಹೊರಟರೆ ಟೆಂಡರಿನಲ್ಲೇ ಐದು ವರ್ಷ ಹೋಗುತ್ತದೆ, ಅಷ್ಟರಲ್ಲಿ ಇನ್ನೆಷ್ಟು ನಕ್ಷತ್ರ ಗುಜರಿಗೆ ಬೀಳುತ್ತವೋ. ಮೊದಲು ಕ್ಯಾಂಪು ಮಾಡಿ. ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಐದು ತಾಲ್ಲೂಕಿಗೆ ಒಂದೊಂದು ದಿನ, ಸಂತೆಯ ದಿನವೇ ಆದರೆ ಒಳ್ಳೆಯದು. ರೇಷನ್ ಕಾರ್ಡಿಗೆ, ಕಣ್ಣಿನ ತಪಾಸಣೆಗೆ ಮಾಡುತ್ತೀರಲ್ಲ, ಹಾಗೆ. ಒಬ್ಬ ಮಾಜಿ ಸೈನಿಕರು ಓದಲಿ, ಒಬ್ಬ ಕಾಲೇಜು ಹುಡುಗಿ ಬರೆದುಕೊಳ್ಳಲಿ, ಒಬ್ಬ ಹುಡುಗ ಫೋಟೊ ಹೊಡೆಯಲಿ. ಪದಕವನ್ನು ಯಾರಿಂದಲೂ ಕಿತ್ತುಕೊಳ್ಳುವುದು ಬೇಡ, ಅಂಚಿನ ನಂಬರು ಬರೆದುಕೊಂಡು ವಾಪಸ್ ಕೊಟ್ಟುಬಿಡಿ. ಕೊಡುತ್ತೇವೆ ಅಂದವರಿಗೆ ರಸೀದಿ ಕೊಡಿ. ಆ ಫಾರಂ ಒಂದನ್ನು ನೀವೇ ಮನಸ್ಸು ಮಾಡಿ ಅಚ್ಚು ಹಾಕಿಸಿ. ನಂಬರು, ಹುದ್ದೆ, ಹೆಸರು, ದಳ ಇಷ್ಟು ಸಿಕ್ಕರೆ ಸೈನ್ಯದ ರೆಕಾರ್ಡ್ಸ್ ಕಚೇರಿಗೆ ಬರೆದು ಕೇಳಲು ಒಂದು ದಾರಿಯಾಗುತ್ತದೆ. ಬರ್ಮಾದಿಂದ ಬಾರದೇ ಹೋದವರೂ ಇದ್ದಾರೆ. ರಂಗೂನಿನ ಹೊರಗೆ ತೌಕ್ಯಾನ್ ಎಂಬಲ್ಲಿ, ಸಮಾಧಿಯೂ ಸಿಗದ ಸುಮಾರು 27,000 ಜನರ ಹೆಸರನ್ನು ಕಂಬಗಳ ಮೇಲೆ ಕೊರೆದಿದ್ದಾರೆ. ಅದರಲ್ಲಿ ನಮ್ಮ ಸೀಮೆಯ ಹೆಸರು ಎಷ್ಟಿವೆ ಎಂದು ಹುಡುಕುವುದು ಕಾಲೇಜು ಮಕ್ಕಳಿಗೆ ಒಂದು ಬೇಸಿಗೆ ರಜೆಯ ಕೆಲಸ.

ಫಲಕಗಳನ್ನು ಕನ್ನಡದಲ್ಲಿ ಬರೆಸಿ. ಜೊತೆಗೆ ಬೇರೆ ಭಾಷೆ ಇರಲಿ, ಬೇಡ ಅನ್ನುವುದಿಲ್ಲ, ನಮ್ಮೂರಲ್ಲಿ ತೆಲುಗು, ಉರ್ದು, ಮರಾಠಿ ಎಲ್ಲ ಮನೆ ಭಾಷೆಯೇ. ಮೂರು ಇಂಗ್ಲಿಷ್ ಅಕ್ಷರ ಬಿಡಿಸಲಾಗದೆ ನಮ್ಮ ಮನೆ ಕಳಕೊಂಡದ್ದನ್ನು ಕಂಡವನು ನಾನು, ಅದಕ್ಕೆ ಹೇಳುತ್ತಿದ್ದೇನೆ. ಸಂಕ್ಷಿಪ್ತಾಕ್ಷರಗಳ ಒಂದು ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿದರೂ ಸಾಕು, ಅರ್ಧ ಮ್ಯೂಸಿಯಂ ಆದ ಹಾಗೆ.

ದಂಡಿನ ಹಿಂದೆ ನಿಂತವರನ್ನೂ ಬಿಡಬೇಡಿ. ರಾಯಚೂರಿನ ಕೋಟೆ ಗೋಡೆಯಲ್ಲಿ ಸುಮಾರು ನಲವತ್ತೊಂದು ಅಡಿ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಅದರ ಮೇಲಿದೆ. ಆ ಕಲ್ಲಿನ ಹತ್ತಿರವೇ, ಅದನ್ನು ಬಂಡಿಯ ಮೇಲೇರಿಸಿ ಎಳೆದು ತರುವ ಚಿತ್ರವನ್ನೂ ಕೆತ್ತಿದ್ದಾರೆ: ಸಾಲು ಜಾನುವಾರು, ಮೀಟುವ ಜನ, ಹೊಡೆಯುವ ಜನ. ಕಟ್ಟಿಸಿದವರ ಹೆಸರಿನ ಜೊತೆ ಎಳೆದವರ ಬೆವರಿಗೂ ಏಳುನೂರು ವರ್ಷದ ಹಿಂದೆಯೇ ಜಾಗ ಕೊಟ್ಟಿದ್ದರು. ಮುಂದಿನ ಸಲ ರಾಯಚೂರಿಗೆ ಮೀಟಿಂಗಿಗೆ ಹೋದರೆ ಕಾರು ನಿಲ್ಲಿಸಿ ನೋಡಿ. ನಮ್ಮ ಕೋಣೆಯಲ್ಲೂ ಖಾಕಿ ಹೊಲಿದವರು, ಬೂಟು ಮಾಡಿದವರು, ತೊಗಲುಚೀಲದಲ್ಲಿ ನೀರು ಹೊತ್ತವರು, ಬಟ್ಟೆ ಒಗೆದವರು, ಕುದುರೆಗೆ ಲಾಳ ಕಟ್ಟಿದವರು ಇರಲಿ. ನಮ್ಮ ಅಪ್ಪನ ಅಪ್ಪನ ಕತ್ತರಿ ಇದೆ, ಹನ್ನೆರಡಿಂಚಿನದು. ಹಿಡಿ ಸವೆದು ಹೆಬ್ಬೆರಳಿನ ಅಚ್ಚು ಬಿದ್ದಿದೆ. ಈಗಲೂ ಡೆನಿಮ್ ಕತ್ತರಿಸುತ್ತದೆ, ಆದರೂ ಕೊಡುತ್ತೇನೆ.

ಸರ್ಕಾರದ ಕೈಯಲ್ಲಿ ದುಡ್ಡಿಲ್ಲ ಅನ್ನುವ ಮಾತು ಬಂದರೆ, ಪದಕಗಳ ಕೆಳಗೆ ಹಾಸುವ ಮಖಮಲ್ಲು, ಗಾಜಿನ ಪೆಟ್ಟಿಗೆಗಳ ಮೇಲಿನ ಹೊದಿಕೆ, ಕಿಟಕಿಯ ಪರದೆ ಇಷ್ಟನ್ನು ಹೊಲಿದುಕೊಡುವುದು ನನ್ನ ಜವಾಬ್ದಾರಿ. ಬಟ್ಟೆಯೂ ನನ್ನದೇ. ಬಳ್ಳಾರಿಯ ಧೂಳಿಗೆ ಎಂಥ ಬಟ್ಟೆ ತಡೆಯುತ್ತದೆ ಎಂದು ಬೇರೆ ಯಾರಿಗೆ ಗೊತ್ತಿರುತ್ತದೆ? ಅಳತೆ ಕಳಿಸಿ, ಒಂದು ವಾರ ಕೊಡಿ.

ಪದಕ ನೋಡಲು ಯಾರಾದರೂ ಬರುವುದಿದ್ದರೆ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಬೆಳಗ್ಗೆ ಮಾಲು ಕಳಿಸುವ ಗಡಿಬಿಡಿ ಇರುತ್ತದೆ. ಭೂತಗನ್ನಡಿ ಇದ್ದರೆ ತನ್ನಿ. ಎಸ್‌ಪಿಆರ್ ಈಗ ಚೆನ್ನಾಗಿ ಕಾಣುತ್ತದೆ, ಆದರೆ ನಂಬರಿನ ಕೊನೆಯ ಎರಡಂಕಿಯ ಮೇಲೆ ಇನ್ನೂ ಅಜ್ಜಿಯ ಕುಂಕುಮ ಕೂತಿದೆ. ಕೆರೆಯಲು ನನಗೆ ಕೈ ಬರುತ್ತಿಲ್ಲ.

ಇತಿ ತಮ್ಮ ವಿಶ್ವಾಸಿ,
ಕೌಲ್ ಬಜಾರಿನ ಒಬ್ಬ ಟೈಲರ್, ಬಳ್ಳಾರಿ